ಕಚೇರಿ ದೇವಗಿರ್ಯಾಗ, ಬಸ್ ಸ್ಟ್ಯಾಂಡ್ ಊರಾಗ

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಾಗ ನಿಂತುಕೊಂಡೇ ಕೇಳಾಕತ್ತೀರಿ ಅಂದ್ರ ಇವತ್ತಿನ ಮಾತು ನಿಮ್ಮದೇ.

ನಮ್ಮ ಕಡೆ ಯಾವ ತಾಲ್ಲೂಕು ಊರಿಗೆ ಹೋದ್ರೂ ಬಸ್ ಸ್ಟ್ಯಾಂಡಿನ ಆಜುಬಾಜು ಒಂದು ಹಳೇ ಸರ್ಕಾರಿ ಕಚೇರಿ ಜಾಗ ಇರತೈತಿ. ಹೆಂಚಿನ ಕಟ್ಟಡ, ಒಂದು ಬೇವಿನ ಮರ, ಕಾಂಪೌಂಡಿಗೆ ಅಂಟಿಕೊಂಡು ನಾಲ್ಕು ಡಬ್ಬಿ ಅಂಗಡಿ. ಕಟ್ಟಡ ಹಳತಾಗತೈತಿ, ಇಲ್ಲಾ ಕಚೇರಿ ಊರ ಹೊರಗೆ ಹೋಗತೈತಿ. ಆಮೇಲೆ ಆ ಜಾಗದಾಗ ಏನು ಬರಬೇಕು? ಕೇಳಿದ ತಕ್ಷಣ ಬರೋ ಉತ್ತರ ಒಂದೇ: ‘ಕಾಂಪ್ಲೆಕ್ಸ್ ಕಟ್ಟಿ ಬಾಡಿಗೆ ಕೊಡ್ರಿ.’ ನನಗೆ ಆ ಉತ್ತರದ ಮೇಲೆ ಅನುಮಾನ ಐತಿ. ಯಾಕಂತ ಹೇಳ್ತೀನಿ.

ಮೊದಲು ನಮ್ಮ ಜಿಲ್ಲೆ ನೋಡೋಣ. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಆಯಿತು. ‘ಧಾರವಾಡ ದೂರ ಆಗತೈತಿ, ಆಡಳಿತ ಹತ್ತಿರ ಬರಲಿ’ ಅನ್ನೋದೇ ಅದರ ಹಿಂದಿನ ಮಾತು. ಈಗ ಜಿಲ್ಲಾಡಳಿತ ಭವನ ಇರೋದು ದೇವಗಿರಿಯಲ್ಲಿ, ಊರಿನ ಹೊರಗೆ. ಕಾರಿನಾಗ ಬರೋರಿಗೆ ಅದು ಅನುಕೂಲ: ಪಾರ್ಕಿಂಗ್ ಐತಿ, ಗದ್ದಲ ಇಲ್ಲ. ಆದ್ರ ರಟ್ಟೀಹಳ್ಳಿ ಕಡೆಯ ಹಳ್ಳಿಯಿಂದ ಪಿಂಚಣಿ ಕೆಲಸಕ್ಕೆ ಬರೋ ಅಜ್ಜಿ ಲೆಕ್ಕ ಹಾಕ್ರಿ. ಹಾವೇರಿ ಸ್ಟ್ಯಾಂಡಿನಾಗ ಇಳೀಬೇಕು, ಅಲ್ಲಿಂದ ಮತ್ತೊಂದು ಬಸ್ ಕಾಯಬೇಕು, ಇಲ್ಲಾ ಆಟೋ ಹಿಡೀಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಬಸ್ಸಿನ ಟಿಕೆಟ್ ಉಳೀತು, ಆಟೋದವಗೆ ಮಾತ್ರ ರೊಕ್ಕ ಕೊಡಬೇಕು. ಸಾಹೇಬ್ರು ಮೀಟಿಂಗಿನಾಗ ಇದ್ರಂತೂ ಇಡೀ ದಿನದ ಕೂಲಿ ಹೋತು.

ಕಚೇರಿ ಅಂದ್ರ ಬರೀ ಕಟ್ಟಡ ಅಲ್ಲ. ನಮ್ಮ ಸಂಬಂಧಿಕರೊಬ್ಬರು ಒಂದು ಕಚೇರಿ ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಟಿದ್ರು. ಊರಿನ ಹೆಸರು ಬ್ಯಾಡ. ಕಚೇರಿ ಬೇರೆ ಕಡೆ ಹೋದ ಮೇಲೆ ಮೂರು ತಿಂಗಳು ಅಂಗಡಿ ತೆಗೆದು ಸುಮ್ಮನೆ ಕುಂತ್ರು, ಆಮೇಲೆ ಮಷೀನ್ ಮಾರಿಬಿಟ್ರು. ಅವರ ಬಾಜೂಕ ಅರ್ಜಿ ಬರೆಯೋರು, ಬಾಂಡ್ ಪೇಪರ್ ಮಾರೋರು, ಗಿರಮಿಟ್ ಗಾಡಿಯವರು, ಚಹಾದವರು ಇದ್ರು. ಒಂದು ಕಚೇರಿ ಅಷ್ಟೂ ಮಂದಿಯ ಹೊಟ್ಟೆಗೆ ಆಧಾರ ಆಗಿತ್ತು. ಯಾವ ಟೆಂಡರ್ ಕಾಗದದಾಗೂ ಇವರ ಲೆಕ್ಕ ಬರೋದಿಲ್ಲ.

ಹಂಗಂತ ಹಳೇ ಕಟ್ಟಡ ಮುಟ್ಟಲೇಬಾರದು ಅಂತ ನಾನು ಹೇಳಾಕತ್ತಿಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಜಾಗ ಊರಿನ ಬಂಗಾರ, ಅದು ಪಾಳು ಬೀಳಬಾರದು. ಜಪಾನಿನ ಒಸಾಕಾದಾಗ ಹಾಂಕ್ಯು ರೈಲು ಕಂಪನಿ 1929ರಲ್ಲೇ ಉಮೇದಾ ಸ್ಟೇಷನ್ನಿಗೆ ಹಚ್ಚಿ ದೊಡ್ಡ ಅಂಗಡಿ ತೆಗೀತು. ರೈಲಿಗೆ ಬರೋ ಮಂದಿಯೇ ಅದಕ್ಕ ಗಿರಾಕಿ. ನಮ್ಮ ಕೇಂದ್ರ ಸರ್ಕಾರದ 2017ರ ನೀತಿಯೂ ಮೆಟ್ರೋ, ಬಿಆರ್‌ಟಿಎಸ್ ನಿಲ್ದಾಣದಿಂದ 500ರಿಂದ 800 ಮೀಟರ್ ಒಳಗ, ಅಂದ್ರ ಹತ್ತು ಹನ್ನೆರಡು ನಿಮಿಷ ನಡೆಯೋ ದೂರದಾಗ, ಮನೆ, ಕಚೇರಿ, ಅಂಗಡಿ ಒತ್ತೊತ್ತಾಗಿ ಇರಲಿ ಅಂತ ಹೇಳತೈತಿ. ರಾಣೆಬೆನ್ನೂರಿಗೆ ಮೆಟ್ರೋ ಬರೋದಿಲ್ಲ ಬಿಡ್ರಿ. ಆದ್ರ ನಡೆಯೋ ಕಾಲು ಎಲ್ಲಾ ಕಡೆ ಒಂದೇ.

ಈಗ ಬೆಂಗಳೂರಿನ ಪಾಠ ಕೇಳ್ರಿ. ನರ್ಮ್ ಯೋಜನೆ ದುಡ್ಡಿನಾಗ ಬಿಎಂಟಿಸಿ ಅಲ್ಲಿ ‘ಟಿಟಿಎಂಸಿ’ ಅಂತ ದೊಡ್ಡ ದೊಡ್ಡ ಬಸ್ ನಿಲ್ದಾಣ ಕಟ್ಟಿಸಿತು. ಕೆಳಗ ಬಸ್ಸು, ಮ್ಯಾಲೆ ಬಾಡಿಗೆ ಮಹಡಿ. ಶಾಂತಿನಗರ, ಜಯನಗರ, ಯಶವಂತಪುರ, ದೊಮ್ಮಲೂರು, ಕೆಂಗೇರಿ, ಹಿಂಗ ಹಲವು ಕಡೆ. ಬಾಡಿಗೆ ಬರತೈತಿ, ಬಸ್ಸಿನ ನಷ್ಟ ತುಂಬತೈತಿ ಅನ್ನೋದು ಲೆಕ್ಕ. ಆದ್ರ ಕೆಲವು ಕಡೆ ಮಹಡಿಗಳು ವರ್ಷಗಟ್ಟಲೆ ಬಾಡಿಗೆಗೆ ಹೋಗಲೇ ಇಲ್ಲ. ಶಾಂತಿನಗರದಾಗ ಮಾತ್ರ ಸಾರಿಗೆ ಆಯುಕ್ತರ ಕಚೇರಿಯಂಥ ಸರ್ಕಾರಿ ಕಚೇರಿಗಳೇ ಬಂದು ಕುಂತವು. ನನಗೆ ಇಷ್ಟ ಆಗೋದು ಇದೇ. ಬಸ್ ಇಳಿದ್ರ ಕಚೇರಿ ಮೆಟ್ಟಿಲು. ಬೆಂಗಳೂರಿನಂಥ ಊರಾಗೇ ಮಹಡಿ ಖಾಲಿ ಬಿದ್ದಾವು ಅಂದ್ರ ನಮ್ಮಲ್ಲಿ ಮೂರು ಅಂತಸ್ತಿನ ಕಾಂಪ್ಲೆಕ್ಸ್ ತುಂಬತೈತಿ ಅನ್ನೋ ಧೈರ್ಯ ಎಲ್ಲಿಂದ ಬರಬೇಕು? ನೆಲಮಾಳಿಗೆ ಅಂಗಡಿಗಳ ಷಟರ್ ಮುಚ್ಚಿ, ಮೂಲ್ಯಾಗ ಗುಟ್ಕಾ ಉಗುಳಿದ ಗೋಡೆ. ನೀವೂ ನೋಡೀರಿ.

ಇನ್ನು ಬ್ಯಾಡಗಿ. ಅಲ್ಲಿನ ಮುಖ್ಯರಸ್ತೆ ಅಗಲ ಮಾಡೋ ವಿಷಯ ಎಷ್ಟು ವರ್ಷ ಎಳೆದಾಡಿತು ಅಂತ ಬ್ಯಾಡಗಿಯವರೇ ಹೇಳಲಿ. ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ ಇದ್ದ ದಿನ ಆ ರಸ್ತೆಯಾಗ ಸಿಕ್ಕೊಂಡವರಿಗೆ ಅಗಲ ಆಗಬೇಕು ಅನ್ನಿಸೋದು ಸಹಜ. ಅಂಗಡಿ ಹೋಗೋ ಮನೆಯವರಿಗೆ ಬ್ಯಾಡ ಅನ್ನಿಸೋದೂ ಅಷ್ಟೇ ಸಹಜ.

ಇಲ್ಲೊಂದು ವ್ಯತ್ಯಾಸ ಗಮನಿಸ್ರಿ, ಬಹಳ ಮಂದಿಗೆ ಗೊತ್ತಿಲ್ಲ. ಖಾಸಗಿ ಜಾಗವನ್ನ 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಸರ್ಕಾರ ತಗೊಂಡ್ರ ಮಾಲೀಕರಿಗೆ ಪರಿಹಾರ ಐತಿ. ಅಲ್ಲಿ ಮೂರು ವರ್ಷದಿಂದ ದುಡಿದು ತಿನ್ನೋ ಬಾಡಿಗೆದಾರರೂ ‘ಬಾಧಿತ ಕುಟುಂಬ’ದ ಲೆಕ್ಕಕ್ಕೆ ಬರ್ತಾರ. ಆದ್ರ ಜಾಗ ಮೊದಲೇ ಸರ್ಕಾರದ್ದಾಗಿದ್ರ? ಸ್ವಾಧೀನವೇ ಇಲ್ಲ, ಹಂಗಾಗಿ ಆ ಕಾಯ್ದೆಯ ಪರಿಹಾರವೂ ಇಲ್ಲ. ಹಳೇ ಕಚೇರಿ ಕಾಂಪೌಂಡಿಗೆ ಹಚ್ಚಿ ಕುಂತವರು ಒಂದು ರಾತ್ರಿಯಾಗ ‘ಅತಿಕ್ರಮಣ’ ಆಗಿಬಿಡ್ತಾರ.

ಅವರಿಗೆ ಇರೋ ಒಂದೇ ಕೊಡೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಅದರ ಪ್ರಕಾರ ಪ್ರತಿ ಊರಿನಾಗ ಪಟ್ಟಣ ಮಾರಾಟ ಸಮಿತಿ ಇರಬೇಕು, ಅದರಾಗ ಕಡಿಮೆ ಅಂದ್ರ ಶೇ. 40ರಷ್ಟು ವ್ಯಾಪಾರಿಗಳೇ ಕೂರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳು. ಸಮೀಕ್ಷೆ ಆಗದೆ ಯಾರನ್ನೂ ಎಬ್ಬಿಸೋ ಹಂಗಿಲ್ಲ. ಎಬ್ಬಿಸೋದಾದ್ರ 30 ದಿನದ ನೋಟಿಸ್ ಕೊಡಬೇಕು. ನಿಮ್ಮೂರ ಬಸ್ ಸ್ಟ್ಯಾಂಡ್ ಎದುರಿನ ಬಾಳೆಹಣ್ಣಿನ ಅಕ್ಕನ ಹತ್ರ ಗುರುತಿನ ಚೀಟಿ ಐತೇನು, ಸುಮ್ಮನೆ ಕೇಳಿ ನೋಡ್ರಿ.

ನನ್ನ ಕೈಗೆ ಅಂಥ ಒಂದು ಜಾಗ ಕೊಟ್ರ ಏನು ಮಾಡ್ತಿದ್ದೆ? ಕೆಳಗ ಈಗಿರೋ ಅಂಗಡಿಯವರಿಗೇ ಮೊದಲ ಮಳಿಗೆ, ಗಾಡಿಯವರಿಗೆ ನೆರಳಿನ ಕಟ್ಟೆ, ನೀರು ಬರೋ ಶೌಚಾಲಯ. ಮೊದಲ ಮಹಡಿಯಾಗ ದೇವಗಿರಿಗೆ ಹೋಗೋ ಕೆಲಸದ ಅರ್ಧ ಇಲ್ಲೇ ಮುಗಿಯೋ ಹಂಗ ಅರ್ಜಿ ತಗೊಳ್ಳೋ ಕೌಂಟರ್. ಮ್ಯಾಲೆ ರಾತ್ರಿ ಹತ್ತರ ತನಕ ತೆರೆದಿರೋ ಓದೋ ಹಾಲ್. ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದೋ ಹುಡುಗ್ಯಾರು ಈಗ ಕಡೇ ಬಸ್ ತಪ್ಪತೈತಿ ಅಂತ ಆರಕ್ಕೇ ಪುಸ್ತಕ ಮಡಚ್ತಾರ. ಸ್ಟ್ಯಾಂಡ್ ಬಾಜೂಕ ಹಾಲ್ ಇದ್ರ ಕಡೇ ಬಸ್ಸಿನ ತನಕ ಓದಬಹುದು. ಬಾಡಿಗೆ ಕಡಿಮೆ ಬರತೈತಿ, ಒಪ್ಪಿದೆ. ಸರ್ಕಾರಿ ಜಾಗ ಇರೋದು ಬಾಡಿಗೆಗೆ ಮಾತ್ರ ಅಂತ ಯಾರು ಹೇಳಿದ್ರು?

ನಿಮ್ಮೂರಾಗ ಅಂಥ ಜಾಗದ ಮುಂದ ತಗಡಿನ ಬೇಲಿ ಬಿದ್ದಿದ್ರ ಹತ್ತು ರೂಪಾಯಿ ಖರ್ಚು ಮಾಡ್ರಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಕ್ಷೆ, ಅಂದಾಜು ಪಟ್ಟಿ, ಬಾಡಿಗೆ ಷರತ್ತು ಕೇಳ್ರಿ. 30 ದಿನದಾಗ ಉತ್ತರ ಕೊಡಬೇಕು. ಕರ್ನಾಟಕದಾಗ ಅರ್ಜಿ 150 ಪದದ ಒಳಗ, ಒಂದೇ ವಿಷಯದ ಮೇಲೆ ಇರಬೇಕು. ನಾನು ಮಾತಾಡೋ ಹಂಗ ಬರೆದ್ರ ವಾಪಸ್ ಬರತೈತಿ.

ಬಂದ ಉತ್ತರ ನಮಗೂ ಕಳಿಸ್ರಿ, ಮುಂದಿನ ಸಲ ಅದನ್ನೇ ಹಿಡಕೊಂಡು ಮಾತಾಡೋಣು. ರಾಣೆಬೆನ್ನೂರಿನವರು ನಿಮ್ಮ ಸ್ಟ್ಯಾಂಡಿನ ಸುತ್ತ ಯಾವ ಕಚೇರಿ ಉಳಿದಾವು, ಯಾವು ಹೋದವು ಅಂತ ಒಂದು ವಾಯ್ಸ್ ಮೆಸೇಜ್ ಹಾಕ್ರಿ. ಬರ್ತೀನ್ರೀ.