ದೆಹಲಿಗೆ ಹೋದರೆ ಈ ಮೂರನ್ನು ನೋಡಿ



ದೆಹಲಿ ಪ್ರವಾಸವೆಂದರೆ ಕೆಂಪುಕೋಟೆ, ಕುತುಬ್ ಮಿನಾರ್ ಅಷ್ಟೇ ಅಲ್ಲ. ಮೂರು ವಸ್ತುಸಂಗ್ರಹಾಲಯಗಳಿಗೂ ಸಮಯ ಇಟ್ಟುಕೊಳ್ಳಿ.

ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಮೊಹೆಂಜೊದಾರೊದ ನರ್ತಕಿ ಇದ್ದಾಳೆ. ಪಠ್ಯಪುಸ್ತಕದ ಚಿತ್ರದಲ್ಲಿ ಅವಳ ಅಳತೆ ತಿಳಿಯುವುದಿಲ್ಲ. ಆ ಕಂಚಿನ ಗೊಂಬೆಯ ಎತ್ತರ ಸುಮಾರು 10.5 ಸೆಂ.ಮೀ. ಮಾತ್ರ. ಮೇಣದ ಗೊಂಬೆಗೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಎರೆದು ಮಾಡಿದ್ದು. ಈ ವಿದ್ಯೆಗೆ ಅಂದಾಜು 4,500 ವರ್ಷ!

ಚಾಣಕ್ಯಪುರಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ನಮ್ಮ ಮೈಸೂರು ಮಹಾರಾಜರ ಬೋಗಿ ಇದೆ. ಪಟಿಯಾಲದ ಒಂದೇ ಹಳಿಯ ರೈಲನ್ನೂ ನೋಡಿ. ಅದರ ಭಾರದ ಬಹುಪಾಲು ಹಳಿಯ ಮೇಲೆ. ಬೀಳದಂತೆ ಪಕ್ಕದಲ್ಲಿ ದೊಡ್ಡ ಚಕ್ರವೊಂದು ರಸ್ತೆಯ ಮೇಲೆ ಉರುಳುತ್ತಿತ್ತು. ಸಮತೋಲನದ ಪಾಠ ಅಲ್ಲೇ ಅರ್ಥವಾಗುತ್ತದೆ.

ಗಾಂಧಿ ಸ್ಮೃತಿಯಲ್ಲಿ 1948ರ ಜನವರಿ 30ರಂದು ಬಾಪೂ ಪ್ರಾರ್ಥನೆಗೆ ನಡೆದ ಕೊನೆಯ ಹೆಜ್ಜೆಗಳನ್ನು ಗುರುತಿಸಿದ್ದಾರೆ. ಅಲ್ಲಿ ಮಾತಾಡದೆ ನಡೆಯಿರಿ. ಪ್ರವೇಶ ಉಚಿತ. ನೆನಪಿಡಿ, ಮೂರಕ್ಕೂ ಸೋಮವಾರ ರಜೆ.

ಪ್ರವಾಸದ ಹಣ ಕೊಡಲಾಗದೆ ಊರಲ್ಲೇ ಉಳಿದ ಮಕ್ಕಳಲ್ಲಿ ನಾನೂ ಒಬ್ಬ. ಇವನ್ನೆಲ್ಲ ನೋಡಿದ್ದು ಬಿ.ಇ. ಮುಗಿಸಿ, ಸಾಫ್ಟ್‌ವೇರ್ ಕೆಲಸ ಸಿಕ್ಕಮೇಲೆ. ಹಳೆಯ ವಿದ್ಯಾರ್ಥಿ ಮಿತ್ರರೇ, ಇನ್ನು ಮುಂದೆ ಒಂದು ಮಗುವೂ ಹಾಗೆ ಉಳಿಯದಂತೆ ಪ್ರವಾಸದ ಖರ್ಚನ್ನು ನಾವು ಹಂಚಿಕೊಳ್ಳೋಣ. ಮೊದಲ ಪಾಲು ನನ್ನದು.