ಅಣುವಿನೊಳಗೆ ಕರೆಂಟಿನ ದಾರಿ



ಕಿರವತ್ತಿಯಿಂದ ಶಿರಸಿಗೆ ಹೊರಟವರು ಯಲ್ಲಾಪುರ ಸೇರಿ, ಅಲ್ಲಿಂದ ಮಂಚಿಕೇರಿಯ ಮೇಲೆ ಹೋಗಬಹುದು. ಮುಂಡಗೋಡ ಸುತ್ತಿಕೊಂಡೂ ಹೋಗಬಹುದು. ಊರಿಗೊಂದು ಚುಕ್ಕೆ ಇಟ್ಟು ರಸ್ತೆಗೊಂದು ಗೆರೆ ಎಳೆದರೆ ಸಿಗುವ ಚಿತ್ರಕ್ಕೆ ಗಣಿತದಲ್ಲಿ ಗ್ರಾಫ್ ಎಂದು ಹೆಸರು. ಗೆರೆ ಉದ್ದವೋ ಗಿಡ್ಡವೋ, ನೇರವೋ ಸೊಟ್ಟವೋ ಎಂಬುದು ಇಲ್ಲಿ ಮುಖ್ಯವಲ್ಲ. ಯಾವ ಚುಕ್ಕೆಗೆ ಯಾವುದರ ನಂಟಿದೆ ಎಂಬುದಷ್ಟೇ ಲೆಕ್ಕ. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದ್ದು ಈ ಬಗೆಯ ವಿಚಾರದಿಂದಲೇ.

ಸ್ವಾರಸ್ಯವೆಂದರೆ, ಗ್ರಾಫ್ ಎಂಬ ಹೆಸರು ಹುಟ್ಟಿದ್ದು ರಸಾಯನಶಾಸ್ತ್ರದ ನೆರಳಿನಲ್ಲಿ. 1878ರಲ್ಲಿ ಸಿಲ್ವೆಸ್ಟರ್ ಎಂಬ ಇಂಗ್ಲಿಷ್ ಗಣಿತಜ್ಞ ಅಣುಗಳ ರಚನಾಚಿತ್ರವನ್ನು ಬೀಜಗಣಿತಕ್ಕೆ ಹೋಲಿಸುತ್ತ ಆ ಪದವನ್ನು ಬಳಸಿದ. ಪರಮಾಣುವೇ ಚುಕ್ಕೆ, ಬಂಧವೇ ಗೆರೆ. ಅದಕ್ಕೂ ಮುಂಚೆ, 1847ರಲ್ಲಿ, ಜರ್ಮನಿಯ ಕಿರ್ಕಾಫ್ ತಂತಿಗಳ ಜಾಲದಲ್ಲಿ ಹರಿಯುವ ಕರೆಂಟನ್ನು ಇಂಥದೇ ಚಿತ್ರದಿಂದ ಲೆಕ್ಕಹಾಕಿದ್ದ. ಅವನ ಲೆಕ್ಕ ಎಲ್ಲರಿಗೂ ಒಪ್ಪುವಂಥದು: ಒಂದು ತಂತಿಯ ಜೊತೆಗೆ ಸಮಾಂತರವಾಗಿ ಇನ್ನೊಂದನ್ನು ಜೋಡಿಸಿದರೆ ಕರೆಂಟಿಗೆ ದಾರಿ ಹೆಚ್ಚುತ್ತದೆ, ಹರಿವೂ ಹೆಚ್ಚುತ್ತದೆ.

ಆದರೆ ತಂತಿಯ ಜಾಗದಲ್ಲಿ ಒಂದೇ ಒಂದು ಅಣು ಇದ್ದರೆ? 1974ರಲ್ಲಿ ಅವಿರಾಮ್ ಮತ್ತು ರ‍್ಯಾಟ್ನರ್ ಎಂಬ ವಿಜ್ಞಾನಿಗಳು, ಒಂದೇ ಅಣು ವಿದ್ಯುತ್ ಉಪಕರಣದಂತೆ ಕೆಲಸ ಮಾಡಬಲ್ಲುದು ಎಂದು ಕಾಗದದ ಮೇಲೆ ತೋರಿಸಿದರು. 1997ರಲ್ಲಿ ಅಮೆರಿಕದ ರೀಡ್, ಟೂರ್ ಮತ್ತು ಸಂಗಡಿಗರು ಚಿನ್ನದ ತಂತಿಯನ್ನು ಬಗ್ಗಿಸಿ ತುಂಡರಿಸಿ, ಆ ಎರಡು ತುದಿಗಳ ನಡುವೆ ಬೆಂಜೀನ್ ಉಂಗುರದ ಅಣುವನ್ನು ಸಿಕ್ಕಿಸಿ ಕರೆಂಟು ಅಳೆದ ಪ್ರಯೋಗವನ್ನು ಪ್ರಕಟಿಸಿದರು. ಉಂಗುರಕ್ಕೂ ಚಿನ್ನಕ್ಕೂ ನಡುವೆ ಕೊಕ್ಕೆಯಾಗಿದ್ದದ್ದು ಗಂಧಕದ ಪರಮಾಣು.

ಇಲ್ಲಿ ಕಿರ್ಕಾಫನ ಲೆಕ್ಕ ತಲೆಕೆಳಗಾಗುತ್ತದೆ. ಅಣುವಿನೊಳಗೆ ಎಲೆಕ್ಟ್ರಾನು ಅಲೆಯಂತೆ ವರ್ತಿಸುತ್ತದೆ. ಎರಡು ದಾರಿಯಲ್ಲಿ ಬಂದ ಅಲೆಗಳು ಏರಿಗೆ ಏರು ಕೂಡಿದರೆ ಹರಿವು ಹೆಚ್ಚುತ್ತದೆ. ಏರಿಗೆ ಇಳಿತ ಕೂಡಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ದಾರಿ ಎರಡಿದ್ದೂ ಕರೆಂಟು ನಿಂತುಹೋಗಬಹುದು!

ಯಾವಾಗ ನಿಲ್ಲುತ್ತದೆ ಎಂಬುದನ್ನು ಪೆನ್ಸಿಲ್ಲಿನಿಂದಲೇ ತಿಳಿಯಬಹುದು. ಬೆಂಜೀನಿನ ಆರು ಇಂಗಾಲಗಳಿಗೆ ಆರು ಚುಕ್ಕೆಗಳನ್ನು ಉಂಗುರದಂತೆ ಇಡಿ. ಒಂದು ಬಿಟ್ಟು ಒಂದಕ್ಕೆ ಕೆಂಪು, ಉಳಿದವಕ್ಕೆ ಕಪ್ಪು ಬಣ್ಣ ಹಚ್ಚಿ. ಎರಡು ತುದಿಗಳನ್ನು 1 ಮತ್ತು 4ನೆಯ ಚುಕ್ಕೆಗೆ ಜೋಡಿಸಿದರೆ ಒಂದು ಕೆಂಪು, ಇನ್ನೊಂದು ಕಪ್ಪು, ಕರೆಂಟಿಗೆ ದಾರಿಯುಂಟು. 1 ಮತ್ತು 3ಕ್ಕೆ ಜೋಡಿಸಿದರೆ ಎರಡೂ ಕೆಂಪು. ಸರಳ ಲೆಕ್ಕದ ಪ್ರಕಾರ ದಾರಿ ಬಂದ್. ಬಣ್ಣ ಬೇರೆಯಾದಾಗ ಇನ್ನೊಂದು ಪರೀಕ್ಷೆಯಿದೆ. ತುದಿ ಜೋಡಿಸಿದ ಎರಡು ಚುಕ್ಕೆಗಳನ್ನು ಅಳಿಸಿ. ಉಳಿದವು ಒಂದೂ ಒಂಟಿಯಾಗದೆ ಪಕ್ಕಪಕ್ಕದ ಜೋಡಿಗಳಾದರೆ, ಬೆಂಜೀನಿನಂಥ ಅಣುಗಳಲ್ಲಿ ಹರಿವನ್ನು ನಿರೀಕ್ಷಿಸಬಹುದು.

ಇದು ಬರೀ ಕಾಗದದ ಆಟವಲ್ಲ. 2012ರಲ್ಲಿ ನೆದರ್ಲೆಂಡ್ಸ್ ಮತ್ತು ಡೆನ್ಮಾರ್ಕಿನ ಸಂಶೋಧಕರು ಹೆಚ್ಚುಕಡಿಮೆ ಒಂದೇ ಉದ್ದದ ಅಣುಗಳನ್ನು ಹೋಲಿಸಿದರು. ಆಂಥ್ರಾಸೀನ್ ತಿರುಳಿನ ಅಣುವಿಗಿಂತ, ಎರಡು ಆಮ್ಲಜನಕ ಹೆಚ್ಚಾಗಿರುವ ಆಂಥ್ರಾಕ್ವಿನೋನ್ ತಿರುಳಿನ ಅಣುವಿನಲ್ಲಿ ಹರಿವು ಸುಮಾರು ನೂರು ಪಟ್ಟು ಕಡಿಮೆಯಿತ್ತು. ಅಣುವೊಂದನ್ನು ತಯಾರಿಸುವುದು ದುಬಾರಿ ಕೆಲಸ. ಯಾವುದು ತಂತಿಯಾದೀತು, ಯಾವುದು ತಡೆಯಾದೀತು ಎಂದು ಮೊದಲೇ ಹೇಳುವ ಲೆಕ್ಕಕ್ಕೆ ಬೆಲೆ ಇರುವುದು ಅದಕ್ಕೇ.

ಈ ಗಣಿತದ ಬೇರು 1931ರಲ್ಲಿ ಹ್ಯೂಕೆಲ್ ಕೊಟ್ಟ ವಿಧಾನದಲ್ಲಿದೆ. ಪಕ್ಕದ ಚುಕ್ಕೆಗೆ 1, ಉಳಿದುದಕ್ಕೆ 0 ಎಂದು ಬರೆದ ಕೋಷ್ಟಕವೇ ಅದರ ಆಧಾರ. ಅದೇ ಕೋಷ್ಟಕದಿಂದ ಸರ್ಬಿಯಾದ ಇವಾನ್ ಗುಟ್ಮನ್ 1978ರಲ್ಲಿ ‘ಗ್ರಾಫಿನ ಶಕ್ತಿ’ ಎಂಬ ಕಲ್ಪನೆಯನ್ನು ತಂದರು. ಕಲಘಟಗಿ ದಾಟಿದರೆ ಸಿಗುವ ಧಾರವಾಡಕ್ಕೂ ಈ ಕಥೆಯಲ್ಲಿ ಪಾಲಿದೆ. ಕರ್ನಾಟಕ ವಿಶ್ವವಿದ್ಯಾಲಯದ ಎಚ್.ಬಿ. ವಾಲಿಕಾರ ಮತ್ತು ಸಹಲೇಖಕರು, ಗುಟ್ಮನ್ನರೂ ಸೇರಿ, ರೂಪ ಬೇರೆಯಾದರೂ ಶಕ್ತಿ ಒಂದೇ ಆಗಿರುವ ಗ್ರಾಫ್‌ಗಳ ಬಗ್ಗೆ 2004ರಲ್ಲಿ ಪ್ರಬಂಧ ಪ್ರಕಟಿಸಿದರು. ಅದು ಕರೆಂಟಿನ ಲೆಕ್ಕವಲ್ಲ. ಆದರೆ ಒಂದೇ ಬೇರಿನ ಇನ್ನೊಂದು ಟಿಸಿಲು.

ಚುಕ್ಕೆ ಗೆರೆಗಳ ಲೆಕ್ಕಕ್ಕೆ ಮಿತಿಯೂ ಇದೆ. ಎಲೆಕ್ಟ್ರಾನುಗಳು ಒಂದನ್ನೊಂದು ದೂಡುವುದನ್ನು ಈ ಸರಳ ಚಿತ್ರ ಮರೆತುಬಿಡುತ್ತದೆ. ಆ ದೂಡಾಟವನ್ನೂ ಲೆಕ್ಕಕ್ಕೆ ತರುವ ವಿಧಾನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಶೇಷ ಬಹುಕಾಲ ದುಡಿದಿದ್ದಾರೆ. ಬಣ್ಣದ ನಿಯಮ ಹೇಳುವ ಸೊನ್ನೆಯೂ ಪ್ರಯೋಗದಲ್ಲಿ ಅಪ್ಪಟ ಸೊನ್ನೆಯಾಗುವುದಿಲ್ಲ, ತೀರಾ ಕಡಿಮೆಯಾಗುತ್ತದೆ.

ಹಾಗಿದ್ದೂ, ಅಣುವಿನ ಆಕಾರಕ್ಕಿಂತ ನಂಟು ದೊಡ್ಡದು, ತುದಿಯನ್ನು ಎಲ್ಲಿ ಜೋಡಿಸಿದಿರಿ ಎಂಬುದು ಇನ್ನೂ ದೊಡ್ಡದು ಎಂಬ ಮಾತನ್ನು ಈ ಲೆಕ್ಕ ಎಳೆಯರಿಗೂ ತಿಳಿಯುವಂತೆ ಹೇಳುತ್ತದೆ. ಬಟ್ಟೆಯ ಪೆಟ್ಟಿಗೆಗೆ ಹಾಕುವ ಡಾಂಬರು ಗುಳಿಗೆಯ ನ್ಯಾಫ್ತಲೀನಿನಲ್ಲಿ ಒಂದು ಬದಿಯನ್ನು ಹಂಚಿಕೊಂಡ ಎರಡು ಉಂಗುರಗಳಿವೆ, ಒಟ್ಟು ಹತ್ತು ಚುಕ್ಕೆ. ಹೈಸ್ಕೂಲಿನ ಮಕ್ಕಳು ಅದಕ್ಕೆ ಎರಡು ಬಣ್ಣ ಹಚ್ಚಿ, ಕರೆಂಟು ಎಲ್ಲೆಲ್ಲಿ ತಡೆಯುತ್ತದೆಂದು ತಾವೇ ಗುರುತಿಸಲಿ. ಅದಕ್ಕೆ ಪ್ರಯೋಗಶಾಲೆ ಬೇಡ. ಎರಡು ಬಣ್ಣದ ಪೆನ್ಸಿಲ್ ಸಾಕು.