ಕಣಜದಿಂದ ಪೇಟೆಗೆ



ಹಳ್ಳಿಯೊಂದು ಎಷ್ಟು ದೊಡ್ಡದಾದರೆ ನಗರವಾಗುತ್ತದೆ? ಮನೆಗಳನ್ನು ಎಣಿಸಿದರೆ ಉತ್ತರ ಸಿಗುವುದಿಲ್ಲ. ಕಣಜವನ್ನು ನೋಡಬೇಕು. ಮನೆಯವರ ಊಟಕ್ಕೂ ಮುಂದಿನ ಬಿತ್ತನೆಗೂ ತೆಗೆದಿಟ್ಟ ಮೇಲೆ ರೈತನ ಬಳಿ ಧಾನ್ಯ ಮಿಗಬೇಕು. ಮಿಕ್ಕ ಧಾನ್ಯದಿಂದ ನೇಗಿಲು ಹಿಡಿಯದ ಕುಂಬಾರ, ಕಮ್ಮಾರ, ವರ್ತಕ, ಕರಣಿಕರ ಜೀವನ ನಡೆಯಬೇಕು. ನಗರ ಮೊಳೆಯುವುದು ಅಲ್ಲಿಂದ.

ನಮ್ಮ ನಾಡಿನಲ್ಲಿ ಬೇಸಾಯ ಬಹಳ ಹಳೆಯದು. ಬಳ್ಳಾರಿಯ ಬಳಿ ಸಂಗನಕಲ್ಲಿನಲ್ಲಿ ಸುಮಾರು 4,000 ವರ್ಷಗಳ ಹಿಂದೆಯೇ ಜನ ದನ ಸಾಕುತ್ತಿದ್ದರು. ಹುರುಳಿ, ಹೆಸರು, ಕಿರುಧಾನ್ಯ ಬೆಳೆಯುತ್ತಿದ್ದರು. ಕಲ್ಲನ್ನು ಉಜ್ಜಿ ಕೊಡಲಿಗಳನ್ನು ತಯಾರಿಸುತ್ತಿದ್ದರು. ಬೇಸಾಯವೂ ಕಸುಬೂ ಇದ್ದರೂ ಅದು ಹಳ್ಳಿಯಾಗಿಯೇ ಇತ್ತು. ನಗರಕ್ಕೆ ಇನ್ನೊಂದು ಬೇಕು: ಹಲವು ಊರುಗಳ ಮಿಕ್ಕ ಧಾನ್ಯ ಒಂದೆಡೆ ಸೇರುವ ಏರ್ಪಾಡು.

ಅಂಥ ಏರ್ಪಾಡಿನ ಕುರುಹು ಬೆಂಗಳೂರಿನ ಉತ್ತರ ಭಾಗದಲ್ಲೇ ಇದೆ. 2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ದೊರೆಯಿತು. ಅದು ಗಂಗರ ದೊರೆ ಶ್ರೀಪುರುಷನ ಕಾಲದ್ದು, ಎಂದರೆ ಸುಮಾರು ಕ್ರಿ.ಶ. 750ರದು. ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನನ್ನು ಅದು ಸ್ಮರಿಸುತ್ತದೆ. ಅದರಲ್ಲಿ 'ಪೆರ್ಬೊಳಲ್ ನಾಡು ಮೂವತ್ತು' ಎಂಬ ಹೆಸರು ಬರುತ್ತದೆ. 'ಪೆರ್' ಎಂದರೆ ಹಿರಿದು, 'ಪೊಳಲ್' ಎಂದರೆ ಪಟ್ಟಣ. ಮೂವತ್ತು ಎಂಬುದನ್ನು ಆ ನಾಡಿನ ಊರುಗಳ ಲೆಕ್ಕವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಸುತ್ತ ಹಳ್ಳಿಗಳು, ಅವುಗಳ ನಡುವೆ ಒಂದು ಹಿರಿಯ ಊರು, ಆಳುವವರು, ಕಾಯುವವರು! ಹಳ್ಳಿ ಪಟ್ಟಣದತ್ತ ಇಟ್ಟ ಹೆಜ್ಜೆ ಇದು.

ಧಾನ್ಯ ಮಿಗಬೇಕಾದರೆ ನೀರು ಬೇಕಲ್ಲವೇ? ಇಲ್ಲಿ ವರ್ಷವಿಡೀ ತುಂಬಿ ಹರಿಯುವ ದೊಡ್ಡ ಹೊಳೆ ಇಲ್ಲ. ಆದುದರಿಂದ ಜನ ತಗ್ಗಿಗೆ ಅಡ್ಡವಾಗಿ ಏರಿ ಹಾಕಿ, ಮಳೆಯ ನೀರನ್ನು ಕೆರೆಯಲ್ಲಿ ನಿಲ್ಲಿಸಿದರು. ತೂಬಿನ ನೀರು ಗದ್ದೆಗೆ ಹರಿಯಿತು. ಕೋಡಿಯ ನೀರು ಮುಂದಿನ ಕೆರೆಗೆ ಹರಿಯಿತು.

ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿಸಿದರು. ನಾಲ್ಕು ದಿಕ್ಕಿಗೆ ಎತ್ತು ಹೂಡಿ ಉತ್ತ ಸಾಲುಗಳೇ ಬೀದಿಗಳಾದವೆಂದು ಐತಿಹ್ಯ. ಅಕ್ಕಿಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂಬ ಹೆಸರುಗಳನ್ನು ಗಮನಿಸಿ. ಹಳ್ಳಿಯ ಬೆಳೆಯೂ ಕಸುಬುಗಳೂ ಅಲ್ಲಿ ಒಂದೊಂದು ಬೀದಿಯನ್ನೇ ಪಡೆದವು. ಪೇಟೆಯ ಪಕ್ಕದಲ್ಲಿ ಧರ್ಮಾಂಬುಧಿ ಕೆರೆಯಿತ್ತು. ಇಂದು ಆ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ.

ಹಳ್ಳಿಯ ಅನ್ನದಿಂದ ಬೆಳೆದ ನಗರ, ಆ ಅನ್ನ ಬೆಳೆದ ಕೆರೆ ಗದ್ದೆಗಳ ಮೇಲೆಯೇ ಹರಡಿತು. ಆದರೆ ಅದರ ಹಸಿವೇನೂ ಕಡಮೆಯಾಗಿಲ್ಲ. ಯಶವಂತಪುರದ ಮಾರುಕಟ್ಟೆ ಪ್ರಾಂಗಣಕ್ಕೆ ಹೋಗಿ ನೋಡಿ. ದೂರದೂರದ ಹೊಲಗಳಿಂದ ಬಂದ ಮೂಟೆಗಳು ಅಲ್ಲಿ ಇಳಿಯುತ್ತಿರುತ್ತವೆ. ಹತ್ತಿರದ ಕಣಜ ಹೋಯಿತು, ದೂರದ ಕಣಜ ಬಂದಿತು. ಅಲ್ಲಿ ಮಳೆ ತಪ್ಪಿದರೆ ಇಲ್ಲಿ ತಟ್ಟೆಗೂ ಅದರ ಬಿಸಿ ತಟ್ಟುತ್ತದೆ.

ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಬಡಾವಣೆ ಇರುವಲ್ಲಿ ಮೊದಲು ಏನು ಬೆಳೆಯುತ್ತಿದ್ದರು, ಕೆರೆಯ ಏರಿ ಎಲ್ಲಿತ್ತು, ಕೋಡಿಯ ನೀರು ಎತ್ತ ಹರಿಯುತ್ತಿತ್ತು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಿ. ಬಲ್ಲವರು ಇರುವಾಗಲೇ ಕೇಳಬೇಕು.